ಎಳೆದರೂ ಬಾಯಿ ಬಿಡದ ಗಂಟೆ

ಪವಾಡ, ದರ್ಶನ ಎಂದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ನಾನೇ. ತಾಂಡ್ಯದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಫಿಟ್ಟರ್ ಆಗಿದ್ದೆ. ಯಂತ್ರ ನಿಂತರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ, ಕಾಣದಿದ್ದರೆ ನೋಡುವವನ ಕಣ್ಣು ಸರಿಯಿಲ್ಲ ಎನ್ನುತ್ತಿದ್ದೆ. ಯಾವುದೋ ಚರ್ಚಿನಲ್ಲಿ ಮಾತೆಯ ಪ್ರತಿಮೆಯ ಕಣ್ಣಲ್ಲಿ ನೀರು ಬಂತಂತೆ ಎಂದು ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ, ಸೂರು ಸೋರುತ್ತಿದೆಯೇನೋ ನೋಡಿ ಎಂದು ಉತ್ತರ ಹಾಕುತ್ತಿದ್ದೆ. ಆದ್ದರಿಂದ ಈಗ ನಾನು ಬರೆಯುವುದನ್ನು ನಂಬದವರು ಧಾರಾಳವಾಗಿ ನಗಲಿ. ಆದರೆ ಒಂದಕ್ಷರವನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನಮ್ಮೂರು ಬಿಳಿಗೆರೆಯ ಹತ್ತಿರ. ಇಪ್ಪತ್ತು ಕ್ರೈಸ್ತ ಮನೆ, ಒಂದು ಪುಟ್ಟ ಚರ್ಚು. ಕೆಲಸದಿಂದ ನಿವೃತ್ತನಾದ ಮೇಲೆ ಅದರ ಗಂಟೆ ಬಾರಿಸುವುದು ನನ್ನ ಪಾಲಿಗೆ ಬಂತು. ಪೂಜೆಗೆ ಬಾರಿಸುವುದು ಒಂದು ರೀತಿ, ಸಾವಿಗೆ ಇನ್ನೊಂದು ರೀತಿ. ಸಾವಿಗಾದರೆ ಒಂದೊಂದೇ ಏಟು. ಏಟಿಗೂ ಏಟಿಗೂ ನಡುವೆ ಬಾರಿಸುವವನು ಮನಸ್ಸಿನಲ್ಲೇ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಪರಲೋಕ ಮಂತ್ರವನ್ನು ಒಂದು ಸಲ ಹೇಳಿ ಮುಗಿಸಬೇಕು. ಆ ಬಿಡುವು ಕಿವಿಗೆ ಬಿದ್ದರೆ ಸಾಕು, ಪಕ್ಕದ ಹೊಲದ ಲಿಂಗಾಯತರೂ ಗುದ್ದಲಿ ನಿಲ್ಲಿಸಿ ಯಾರ ಮನೆಯದು ಎಂದು ಕೇಳುತ್ತಾರೆ.

ನನ್ನ ಅಣ್ಣ ಇನ್ನಾಸಪ್ಪ ಗಾರೆ ಕೆಲಸದವನು. ಕೆಲವು ವರ್ಷಗಳ ಹಿಂದೆ ಸೋಮನಾಥಪುರದಲ್ಲಿ ಮನೆ ಕಟ್ಟುವಾಗ ಸಾರುವೆಯಿಂದ ಬಿದ್ದ. ತಲೆಗೆ ಪೆಟ್ಟಾಗಿದೆ, ನರಸೀಪುರದ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಸುದ್ದಿ ಬಂತು. ರೀತಮ್ಮ ಅತ್ತಿಗೆಯೂ ನಾನೂ ಹೊರಡುತ್ತಿದ್ದಾಗ ಅವನ ಜೊತೆ ಕೆಲಸ ಮಾಡುವ ಮಾದೇವನ ಫೋನ್ ಬಂತು. "ಓದ್ರು ಕಣಣ್ಣಾ, ಇನ್ನಾಸಣ್ಣ ಓದ್ರು..." ಎಂದು ಅಳುದನಿಯಲ್ಲಿ ಹೇಳುವಷ್ಟರಲ್ಲಿ ಕಟ್ಟಾಯಿತು. ತಿರುಗಿ ಮಾಡಿದರೆ ಸ್ವಿಚ್ ಆಫ್. ನಮ್ಮ ಕಡೆ ಆ ಒಂದೇ ಮಾತಿನಲ್ಲಿ ಬಸ್ಸು ಹತ್ತಿ ಹೋದವರೂ ಇರುತ್ತಾರೆ, ಲೋಕ ಬಿಟ್ಟು ಹೋದವರೂ ಇರುತ್ತಾರೆ. ನಾನು ಎರಡನೆಯದನ್ನೇ ಹಿಡಿದುಕೊಂಡೆ.

ಅತ್ತಿಗೆ ಅಳಲಿಲ್ಲ. "ನೀನು ಕಣ್ಣಲ್ಲಿ ಕಂಡ್ಯೇನಪ್ಪಾ? ಗಂಟೆ ಬಾರಿಸ್ಬೇಡ. ನಾನಿನ್ನೂ ಎದುರು ನೋಡ್ತಾ ಇವ್ನಿ" ಅಂದರು. ಫಾದರ್ ತಮ್ಮ ಪ್ರಸಂಗದಲ್ಲಿ ನಿರೀಕ್ಷೆ ಎನ್ನುವುದನ್ನು ನಮ್ಮ ಹೆಂಗಸರು ಎದುರು ನೋಡುವುದು ಎನ್ನುತ್ತಾರೆ.

"ಸುಮ್ನಿರಿ ಅತ್ತಿಗೆ, ಅಟ ಮಾಡಿದ್ರೆ ಓದ ಜೀವ ಬತ್ತದಾ?" ಎಂದುಬಿಟ್ಟೆ. ಆ ಮಾತಿಗೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಬೆಳಗಿನ ಹನ್ನೊಂದು ಗಂಟೆ, ಸುಡು ಬಿಸಿಲು. ಊರಿಗೆ ತಿಳಿಸಿಯೇ ಹೊರಡೋಣ ಎಂದು ಚರ್ಚಿಗೆ ಹೋದೆ; ನಾಲ್ಕಾರು ಜನ ಸೇರಿದ್ದರು. ನಾನು ಹಗ್ಗ ಎಳೆದೆ. ಎಂದಿನ ಭಾರದಲ್ಲೇ ಅದು ಕೆಳಗೆ ಬಂತು. ಮೇಲೆ ಗಂಟೆ ಆ ಕಡೆಗೂ ಈ ಕಡೆಗೂ ತೂಗಿತು. ಸದ್ದಿಲ್ಲ. ಪರಲೋಕ ಮಂತ್ರ ಹೇಳಿ ಮತ್ತೆ ಎಳೆದೆ. ಇಲ್ಲ. ಮೂರನೆಯ ಸಲ ಎರಡೂ ಕೈ ಹಾಕಿ ಜಗ್ಗಿದೆ. ಪಕ್ಕದ ಮನೆಯ ಚೌರಪ್ಪ ತಲೆಯೆತ್ತಿ ನೋಡಿ, "ಆಡ್ತಾ ಅದೆ, ಕೂಗ್ತಾನೇ ಇಲ್ವಲ್ಲೋ!" ಅಂದ. ಮೆಟ್ಟಿಲ ಮೇಲೆ ಜಪಮಾಲೆ ಹಿಡಿದು ಕೂತಿದ್ದ ಅತ್ತಿಗೆ ಮಾತ್ರ ಮೇಲೆ ನೋಡಲೇ ಇಲ್ಲ.

ಆಗ ಮತ್ತೆ ಫೋನ್. ಮಾದೇವನೇ, ಬೇರೆ ಯಾರದೋ ನಂಬರಿನಿಂದ. "ಮೈಸೂರ್ಗೆ ಅನ್ನೋಷ್ಟ್ರಲ್ಲಿ ಚಾರ್ಜೂ ಓಯ್ತು ಕಣಣ್ಣಾ. ಆಂಬುಲೆನ್ಸಲ್ಲಿ ಓದ್ರು. ಉಸ್ರಾಡ್ತಾವ್ರೆ, ಬಿರ್ನೆ ಬನ್ನಿ!"

ನಾವು ಮೈಸೂರಿಗೆ ಓಡಿದೆವು. ಹನ್ನೆರಡರ ಪ್ರಾರ್ಥನೆಗೆ ಚೌರಪ್ಪ ಅದೇ ಹಗ್ಗ ಎಳೆದರೆ ಊರಿಗೆಲ್ಲ ಕೇಳುವಂತೆ ಢಣ್ ಎಂದಿತಂತೆ. ನಾಲ್ಕನೆಯ ದಿನ ಊರಿಗೆ ಬಂದವನೇ ಏಣಿ ಹಾಕಿ ಹತ್ತಿದೆ. ಗಂಟೆಯ ನಾಲಗೆ, ಕೊಂಡಿ, ಇರುಸು ಎಲ್ಲವನ್ನೂ ಕಾರ್ಖಾನೆಯಲ್ಲಿ ನೋಡುವಂತೆ ನೋಡಿದೆ. ಹಕ್ಕಿಗೂಡಿಲ್ಲ, ಸಿಕ್ಕಿಕೊಂಡ ಬಟ್ಟೆಯಿಲ್ಲ, ತುಕ್ಕಿಲ್ಲ. ನಿನ್ನ ಕೈಯಲ್ಲಿ ಬಲ ಇರಲಿಲ್ಲ ಎನ್ನುವವರಿದ್ದಾರೆ. ಇರಬಹುದು. ಹಾಗಾದರೆ ಗಂಟೆ ತೂಗಿದ್ದು ಯಾರ ಬಲದಿಂದ?

ಅಣ್ಣ ಇನ್ನೂ ಮೂರು ವರ್ಷ ಬದುಕಿದ. ಕೋಲೂರಿಕೊಂಡು ಬಂದು ಮೆಟ್ಟಿಲ ಮೇಲೆ ಕೂತು, ಇವತ್ತು ಎರಡು ನಿಮಿಷ ತಡವಾಗಿ ಬಾರಿಸಿದೆ ಎಂದು ನನ್ನನ್ನು ರೇಗಿಸುತ್ತಿದ್ದ. ಆಮೇಲೆ ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಒಂದು ಬೆಳಿಗ್ಗೆ ಏಳಲಿಲ್ಲ. ಹಗ್ಗ ಹಿಡಿದಾಗ ಈ ಸಲವೂ ಗಂಟೆ ಸುಮ್ಮನಿರಲಿ ಎಂದು ನಾನು, ಪವಾಡಕ್ಕೆ ನಗುತ್ತಿದ್ದವನು, ಬೇಡಿಕೊಂಡೆ. ಮೊದಲ ಎಳೆತಕ್ಕೇ ಢಣ್ ಎಂದಿತು. ಎಷ್ಟು ಸಿಟ್ಟು ಬಂತೆಂದರೆ ಪರಲೋಕ ಮಂತ್ರವೇ ಮರೆತುಹೋಯಿತು.

ಸಮಾಧಿಯ ಬಳಿ ಯಾರೋ, ಅಷ್ಟೊಂದು ಎದುರು ನೋಡಿದ್ದಕ್ಕೆ ಕೊನೆಗೆ ಏನು ಸಿಕ್ಕಿತು ಎಂದು ಪಿಸುಗುಟ್ಟಿದರು. ಅತ್ತಿಗೆಗೆ ಕೇಳಿಸಿತು. "ಅವತ್ತು ಮೈಸೂರ್ಗೆ ಓಗಿದ್ರು, ಇವತ್ತು ಅದ್ಕಿಂತ ವಸಿ ದೂರ ಓಗವ್ರೆ. ಎದುರು ನೋಡೋದ ನಾನು ಬಿಟ್ಟಿಲ್ಲ, ಬಿಡೋದೂ ಇಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಒಂದು ಹಿಡಿ ಮಣ್ಣು ಹಾಕಿದರು.

ಗಂಟೆ ಅವತ್ತು ಯಾಕೆ ಬಾಯಿ ಬಿಡಲಿಲ್ಲ, ನನಗೆ ಇವತ್ತಿಗೂ ಗೊತ್ತಿಲ್ಲ. ಪವಾಡ ಎಂದು ಮೆರವಣಿಗೆ ಮಾಡಲಾರೆ, ಏನೂ ನಡೆಯಲಿಲ್ಲ ಎಂದು ಸುಳ್ಳೂ ಹೇಳಲಾರೆ. ಹಗ್ಗ ಈಗಲೂ ನನ್ನ ಕೈಯಲ್ಲೇ ಇದೆ. ಯಾರಾದರೂ ಫೋನ್ ಮಾಡಿ "ಓದ್ರು" ಎಂದರೆ, ಅದಕ್ಕೆ ಕೈ ಹಾಕುವ ಮೊದಲು "ಎಲ್ಲಿಗೆ?" ಎಂದು ಕೇಳುತ್ತೇನೆ. ಬೈಯುವವರು ಬೈಯಲಿ.