ಗಿಣಿಗಳಿಗೆ ಸಾಂಬ್ರಾಣಿ ಆಗುವುದಿಲ್ಲ

ನಮ್ಮ ಮನೆಯಲ್ಲಿ ಎರಡು ಗಿಣಿಗಳಿವೆ ಎಂದರೆ ಬಂದವರು ಮೊದಲು ಹಸಿರು ಬಣ್ಣ ಹುಡುಕುತ್ತಾರೆ. ಇವು ಹಸಿರಲ್ಲ. ಬೂದು ಮೈ, ಹಳದಿ ಜುಟ್ಟು, ಕೆನ್ನೆಯ ಮೇಲೆ ಕಿತ್ತಳೆ ಬೊಟ್ಟು, ಹೆಸರು ಕಾಕಟೀಲ್. ನಮ್ಮ ನಾಡಿನ ಹಸಿರು ಗಿಣಿಯನ್ನು ಪಂಜರದಲ್ಲಿಡಲು ಕಾನೂನು ಬಿಡುವುದಿಲ್ಲ, ಬಿಡಲೂಬಾರದು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತದೆ: ಊರಿಗೆ ಹೋಗುವಾಗ ಏನು ಮಾಡ್ತೀರಿ? ಹೋಗುವುದಿಲ್ಲ ಎನ್ನುತ್ತಿದ್ದೆ. ಸುಳ್ಳೇನಲ್ಲ. ಇವು ಬಂದ ಮೇಲೆ ನಾನು ಬಾಗಲಕೋಟೆಯ ತವರಲ್ಲಿ ಒಂದು ರಾತ್ರಿಯೂ ತಂಗಿರಲಿಲ್ಲ.

ಕಳೆದ ವರ್ಷ ಅಕ್ಕನ ಮಗಳ ಮದುವೆ ಗೊತ್ತಾಯಿತು. ಅವಳನ್ನು ಎತ್ತಿ ಆಡಿಸಿದವಳು ನಾನು. ಅಬ್ಬಿಗೆರೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದು, ಕಾಲೇಜಿನಲ್ಲಿ ಪಾಠ ಹೇಳಿಕೊಂಡಿರುವ ನನಗೆ ಮಗಳೆಂದರೆ ಅವಳೇ. ಮದುವೆಗೆ ನಾಲ್ಕಾರು ದಿನ ಹೋಗಲೇಬೇಕಿತ್ತು. ಗಿಣಿಗಳನ್ನು ಯಾರ ಕೈಗೆ ಒಪ್ಪಿಸುವುದು?

ತಣಿಸಂದ್ರದಲ್ಲಿ ಸಾಕುಪ್ರಾಣಿಗಳನ್ನು ಇಟ್ಟುಕೊಳ್ಳುವ ಬೋರ್ಡಿಂಗ್ ಇದೆ ಎಂದು ಕೇಳಿ ಹೋದೆ. ಕೆಳಗೆ ನಾಯಿಗಳು, ಅವುಗಳ ಮೇಲಿನ ಶೆಲ್ಫಿನಲ್ಲಿ ಹಕ್ಕಿಗಳು. ನಾಯಿ ಬೊಗಳಿದಾಗಲೆಲ್ಲ ಮೇಲೆ ಗಾಬರಿಯ ರೆಕ್ಕೆ ಬಡಿತ. ಅದನ್ನು ನಡೆಸುವಾತ ನಗುನಗುತ್ತಲೇ, ಸೇರಿಸಿಕೊಳ್ಳುವಾಗ ರೆಕ್ಕೆ ಕತ್ತರಿಸಿಬಿಡ್ತೀವಿ ಮೇಡಂ, ಸೇಫ್ಟಿಗೆ, ಎಂದ. ನಿಮ್ಮ ಮನೆಗೆ ಬಂದ ನೆಂಟರ ಕಾಲಿಗೂ ಹಗ್ಗ ಕಟ್ಟುತ್ತೀರಾ ಎಂದು ಕೇಳಿ ಎದ್ದು ಬಂದೆ. ಕಾಲೇಜಿನಲ್ಲಿ ಜೊತೆಗಿರುವವರೊಬ್ಬರು, ಹಾರಿಬಿಡಿ, ಪುಣ್ಯ ಬರುತ್ತೆ ಎಂದರು. ಕಾಡೆಂದರೇನೆಂದೇ ಗೊತ್ತಿಲ್ಲದೆ ಬಟ್ಟಲಲ್ಲಿ ನವಣೆ ತಿಂದು ಬೆಳೆದ ಹಕ್ಕಿಗಳು ಸಂಜೆಯೊಳಗೆ ಹದ್ದಿನ ಪಾಲಾಗುತ್ತವೆ. ಅಂಥ ಪುಣ್ಯವನ್ನು ಅವರೇ ಇಟ್ಟುಕೊಳ್ಳಲಿ.

ಉಳಿದದ್ದು ಕೆಳಗಿನ ಮನೆ. ನಮ್ಮ ಓನರಮ್ಮ, ಅಬ್ಬಿಗೆರೆ ಇನ್ನೂ ಹಳ್ಳಿಯಾಗಿದ್ದಾಗ ಇಲ್ಲಿಗೆ ಸೊಸೆಯಾಗಿ ಬಂದವರು. ಸಂಜೆ ಮೇಲೆ ಬಂದು ಗಿಣಿಗಳ ಜೊತೆ ಮಾತಾಡಿ ಹೋಗುವುದು ಅವರ ರೂಢಿ. ಮೆಟ್ಟಿಲ ಮೇಲೆ ಅವರ ಬಳೆ ಸದ್ದಾದರೆ ಸಾಕು, ಗಂಡುಹಕ್ಕಿ ಜುಟ್ಟು ನಿಮಿರಿಸಿ ಸಿಳ್ಳೆ ಹಾಕುತ್ತದೆ. ನಾನು ಕೇಳುವ ಮೊದಲೇ, ನಮ್ಮನೇಲೇ ಇರ್ಲಿ ಬುಡು ಎಂದುಬಿಟ್ಟರು. ದೊಡ್ಡ ಭಾರ ಇಳಿಯಿತು. ಆಮೇಲೆ ಶುಕ್ರವಾರ ನೆನಪಾಯಿತು.

ಶುಕ್ರವಾರ ಸಂಜೆ ಅವರ ಮನೆಯಲ್ಲಿ ಸಾಂಬ್ರಾಣಿ ಹಾಕುತ್ತಾರೆ. ಊದುಬತ್ತಿಯ ಎಳೆಹೊಗೆಯಲ್ಲ ಅದು. ಕೆಂಡದ ಮೇಲೆ ಪುಡಿ ಸುರಿದು, ದೇವರ ಕೋಣೆಯಿಂದ ಬಚ್ಚಲವರೆಗೆ ಮೂಲೆಮೂಲೆಗೂ ಹಿಡಿಯುತ್ತಾರೆ. ಎದುರಿನ ಗೋಡೆಯೇ ಕಾಣುವುದಿಲ್ಲ. ಗಿಣಿಗಳು ಅಂಥ ಹೊಗೆ ತಡೆಯುವುದಿಲ್ಲ, ಜೀವವೇ ಹೋಗಬಹುದು ಎಂದು ಹೆಬ್ಬಾಳದ ಹಕ್ಕಿ ಡಾಕ್ಟರು ನನಗೆ ಮೊದಲೇ ಎಚ್ಚರಿಸಿದ್ದರು. ನಾನು ಮದುವೆಗೆ ಹೋಗಿರುವ ಆ ಒಂದು ಶುಕ್ರವಾರ ಸಾಂಬ್ರಾಣಿ ಬಿಡಿ ಅಮ್ಮಾ ಎಂದು ಕೇಳಿಕೊಂಡೆ.

ಅವರ ಮುಖ ಕಪ್ಪಿಟ್ಟಿತು. "ದ್ಯಾವ್ರಿಗೆ ಆಕೋ ಒಗೇನ ವಿಸ ಅಂತೀಯೇನಮ್ಮ?"

"ದೇವರಿಗೇನೂ ಆಗಲ್ಲ ಅಮ್ಮಾ. ಇವು ಸತ್ತುಹೋಗ್ತವೆ."

ಅವರು ಮೆಟ್ಟಿಲಿಳಿದು ಹೋದರು. ಸಂಜೆ ಬರುವುದೂ ನಿಂತಿತು. ಗಂಡುಹಕ್ಕಿ ಮಾತ್ರ ಬಾಗಿಲ ಕಡೆ ನೋಡುತ್ತ ಕೂರುತ್ತಿತ್ತು. ಕೆಳಗಿನ ಮನೆಯ ಹಿಂದಿನ ರೂಮಿನಲ್ಲಿಟ್ಟು ಬಾಗಿಲು ಹಾಕಿದರಾಯಿತು, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಎಂದು ಅವರಿವರು ಹೇಳಿದರು. ಈ ಊರಿಗೆ ಬಂದ ಮೇಲೆ ನಾನು ನೀರಿಗೆ, ಪಾರ್ಕಿಂಗಿಗೆ, ಬಸ್ಸಿನ ಸೀಟಿಗೆ ಎಲ್ಲದಕ್ಕೂ ಅಡ್ಜಸ್ಟ್ ಮಾಡಿಕೊಂಡಿದ್ದೇನೆ. ಇನ್ನೊಂದು ಜೀವದ ಉಸಿರನ್ನು ಅಡ್ಜಸ್ಟ್ ಮಾಡಲು ನನಗೆ ಯಾವ ಹಕ್ಕೂ ಇಲ್ಲ. ಬಾಗಿಲ ಸಂದಿಗೆ ದೇವರ ಹೊಗೆ, ಸಿಗರೇಟಿನ ಹೊಗೆ ಎಂಬ ಭೇದವೂ ಇಲ್ಲ.

ಕೊನೆಗೆ ಬಾಲ್ಕನಿಯಲ್ಲಿ ನಿಂತು ಅಕ್ಕನಿಗೆ ಫೋನ್ ಮಾಡಿದೆ. "ಹಕ್ಕಿ ಸಲುವಾಗಿ ನನ್ನ ಮಗಳ ಮದಿವಿಗೆ ಬರಂಗಿಲ್ಲೇನು?" ಎಂದಳು. ಹೌದು, ಹಕ್ಕಿ ಸಲುವಾಗೇ ಬರಂಗಿಲ್ಲ ಎಂದೆ. ಅಕ್ಕ ಅತ್ತಳು, ಬೈದಳು. ನಾನೂ ಅತ್ತೆ, ಆದರೆ ಮಾತು ಬದಲಿಸಲಿಲ್ಲ. ಕೆಳಗೆ ಅಂಗಳದಲ್ಲಿ ಓನರಮ್ಮ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಅವರಿಗೆ ಕೇಳಲಿ ಎಂದೇ ನಾನು ದನಿ ತಗ್ಗಿಸಲಿಲ್ಲ.

ಮರುದಿನ ಬೆಳಿಗ್ಗೆ ಅವರು ಬಂದು ಬಾಗಿಲಲ್ಲೇ ನಿಂತರು. ಸಾಂಬ್ರಾಣಿ ಬಿಡುವುದಿಲ್ಲ, ಗಿಣಿಗಳನ್ನು ಕೆಳಗೆ ಒಯ್ಯುವುದೂ ಇಲ್ಲ, ಕೀ ಕೊಟ್ಟು ಹೋಗು, ನಾನೇ ಇಲ್ಲಿ ಬಂದು ಮಲಗುತ್ತೇನೆ ಎಂದರು. "ಒಗೆ ಕೆಳ್ಗಿರ್ತದೆ, ನಾನ್ ಮ್ಯಾಲಿರ್ತೀನಿ. ಓಗ್ ಬಾ." ಅವರು ಸೋತಿರಲಿಲ್ಲ, ನಾನೂ ಸೋತಿರಲಿಲ್ಲ. ಯಾರೂ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಶುಕ್ರವಾರ ಮೆಟ್ಟಿಲ ಕಡೆಯ ಕಿಟಕಿ ಮುಚ್ಚಬೇಕು, ಕಾದರೆ ಹಕ್ಕಿಗೆ ವಿಷಗಾಳಿ ಬಿಡುವ ನಾನ್‌ಸ್ಟಿಕ್ ತವೆ ಮುಟ್ಟಬಾರದು ಎಂದೆಲ್ಲ ನಾನು ಹೇಳಿದ್ದನ್ನು ಅವರು ಎರಡೆರಡು ಸಲ ಕೇಳಿಸಿಕೊಂಡರು.

ಮದುವೆಯ ಮುನ್ನಾದಿನವೇ ಆ ಶುಕ್ರವಾರ. ಬಾಗಲಕೋಟೆಯಲ್ಲಿ ಅರಿಶಿಣದ ಶಾಸ್ತ್ರ ನಡೆಯುತ್ತಿತ್ತು. ದೀಪ ಹಚ್ಚುವ ಹೊತ್ತಾದಂತೆ ನನ್ನ ಕೈ ಫೋನ್ ಬಿಟ್ಟು ಕದಲಲಿಲ್ಲ. ಜಮಖಾನೆಯ ಮೇಲೆ ಸಾಲಾಗಿ ಕೂತ ಹೆಂಗಸರ ನಡುವೆ ಅಕ್ಕನ ಅತ್ತೆ, ನನಗೆ ಕೇಳುವಂತೆಯೇ, ಹೇಳಿದರು, ಮಕ್ಕಳಿದ್ದಿದ್ದರೆ ಇವಳು ಹೀಗೆ ಹಕ್ಕಿ ಹಿಂದೆ ಬೀಳುತ್ತಿರಲಿಲ್ಲ ಎಂದು. ಕೆಲವರು ನಕ್ಕರು.

"ಮಕ್ಕಳಿದ್ದಿದ್ರೂ ಹಕ್ಕಿ ಸಾಕತಿದ್ನಿರಿ," ಎಂದೆ. "ಅವರನ್ನೂ ಸಿಕ್ಕ ಸಿಕ್ಕವರ ಕೈಯಾಗ ಕೊಟ್ಟು ಬರತಿರಲಿಲ್ಲ."

ಆಗಲೇ ಓನರಮ್ಮನ ವಿಡಿಯೋ ಕಾಲ್ ಬಂತು. ತಲೆಯೆಲ್ಲ ಒದ್ದೆ, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಏನಾಯ್ತಮ್ಮಾ ಎಂದೆ.

"ಏನೂ ಆಗಿಲ್ಲ ಕಣಮ್ಮ. ಕೆಳ್ಗೆ ಸಾಂಬ್ರಾಣಿ ಆಕಾಯ್ತು. ತಲೆಗೆಲ್ಲ ಒಗೆ ವಾಸ್ನೆ ಇಡ್ಕಂಡಿತ್ತು. ಇಂಗೇ ಎಂಗ್ ಬರೋದು ಅಂತ ಇನ್ನೊಂದ್ ಸತಿ ನೀರಾಕ್ಕಂಡು, ಬ್ಯಾರೆ ಸೀರೆ ಉಟ್ಕಂಡು ಬಂದಿವ್ನಿ."

ಅವರ ಹೆಗಲ ಮೇಲೆ ಗಂಡುಹಕ್ಕಿ ಕೂತು ಒದ್ದೆ ಕೂದಲನ್ನು ಎಳೆಯುತ್ತಿತ್ತು. ಹೆಣ್ಣು ಪಂಜರದ ಮೇಲೆ ನವಣೆ ಒಡೆಯುತ್ತಿತ್ತು. ದೇವರ ಮುಂದೆ ಹೋಗಲು ಸ್ನಾನ ಮಾಡುವವರನ್ನು ಜೀವಮಾನವಿಡೀ ನೋಡಿದ್ದೇನೆ. ದೇವರ ಮುಂದಿನಿಂದ ಎದ್ದು ಬಂದು, ಗಿಣಿಗಳ ಹತ್ತಿರ ಹೋಗಲು ಸ್ನಾನ ಮಾಡಿದವರು ಇವರೊಬ್ಬರೇ. ನನಗೆ ಕಣ್ಣೀರು ತಡೆಯಲಾಗಲಿಲ್ಲ, ತಡೆಯುವ ಮನಸ್ಸೂ ಇರಲಿಲ್ಲ. ಫೋನನ್ನು ಆ ಹೆಂಗಸರ ಸಾಲಿನ ಕಡೆ ತಿರುಗಿಸಿ, ಓನರಮ್ಮ ಹೇಳಿದ್ದನ್ನು ಎಲ್ಲರಿಗೂ ಕೇಳುವಂತೆ ಹೇಳಿದೆ.

ಯಾರೂ ನಗಲಿಲ್ಲ. ಅಕ್ಕ ಅರಿಶಿಣದ ಕೈಯಲ್ಲೇ ಫೋನ್ ಕಸಿದುಕೊಂಡಳು.

"ಅವ್ವಾ, ಮೊದಲ ತಲಿ ಒರಸ್ಕೋರಿ," ಎಂದಳು. "ಥಂಡಿ ಹತ್ತೀತು."