ಉರ್‌ಫಾರಿನ ಹೆರ್ಮಿನೆ

ಕ್ಯಾಸೆಟ್ಟಿನಲ್ಲಿ ಮಗು ‘ಅಮ್ಮಾ’ ಎಂದು ಕರೆದದ್ದು ನಾಗವೇಣಿಯನ್ನು. ಮೈಸೂರಿನಿಂದ ಆ ಕ್ಯಾಸೆಟ್ಟು ಬಂದಾಗಿನಿಂದ ಅಹಲ್ಯಾಗೆ ಅನ್ನ ಸೇರುತ್ತಿರಲಿಲ್ಲ. ನಾಗವೇಣಿ ಅವಳ ತಂಗಿ, ಇನ್ನೂ ಮದುವೆಯಾಗದವಳು. ‘ನಾನು ಚಿಕ್ಕಮ್ಮ ಕಣೇ, ಚಿಕ್ಕಮ್ಮ!’ ಎಂದು ಅವಳು ನಗುತ್ತ ತಿದ್ದಿದ್ದೂ ಕೇಳಿಸುತ್ತಿತ್ತು. ತಿದ್ದಿದಳಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಹೋದರೆ, ಆ ನಗುವಿಗಾಗಿಯೇ ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳುತ್ತಿದ್ದಳು.

ಮಗಳು ವಿಶಾಲಾಕ್ಷಿಯನ್ನು ಮೈಸೂರಿನಲ್ಲಿ ಬಿಟ್ಟು ಬಂದು ವರ್ಷದ ಮೇಲಾಗಿತ್ತು. ಎಂಬತ್ತರ ದಶಕದ ಆರಂಭದ ಆ ದಿನಗಳಲ್ಲಿ ಆಸ್ಟ್ರೇಲಿಯಾದ ಪರ್ತಿನಲ್ಲಿದ್ದ ಕನ್ನಡದ ಡಾಕ್ಟರುಗಳ ಮನೆಗಳಲ್ಲಿ ಇದೊಂದು ಪದ್ಧತಿಯೇ ಆಗಿಹೋಗಿತ್ತು: ಇಲ್ಲಿ ಡಾಕ್ಟರಾಗಲು ಬೇಕಾದ ಪರೀಕ್ಷೆಗೆ ಗಂಡ ಕೂತರೆ ಹೆಂಡತಿ ಕೆಲಸಕ್ಕೆ, ಮಗು ಅಜ್ಜಿಯ ಮನೆಗೆ. ಅವಳ ಗಂಡ ವೇಣುಗೋಪಾಲ ಒಮ್ಮೆ ಬರೆದು ಫೇಲಾಗಿದ್ದ. ಈಗ ರಾತ್ರಿ ಆಸ್ಪತ್ರೆಯಲ್ಲಿ ಸಹಾಯಕನ ಕೆಲಸ ಮಾಡುತ್ತ ಮತ್ತೆ ಓದುತ್ತಿದ್ದ. ಅಹಲ್ಯಾ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತದ ಸ್ಲೈಡು ನೋಡುತ್ತ, ಒಂದೇ ಸ್ಲೈಡನ್ನು ಮತ್ತೆ ಮತ್ತೆ ನೋಡುತ್ತ, ದಿನ ದೂಡುತ್ತಿದ್ದಳು.

ಹೊಳೆದಂಡೆಯ ಬಾರ್ಬಿಯಲ್ಲಿ, ಬಯಲಲ್ಲೇ ಸುಟ್ಟು ತಿನ್ನುವ ಕೂಟದಲ್ಲಿ, ಪರಿಚಯದ ಸುಲೋಚನಾ ಆಂಟಿಯ ಹತ್ತಿರ ಬಾಯಿ ಬಿಟ್ಟಿದ್ದೂ ಆಯಿತು.

“ಅಯ್ಯೋ, ನಮ್ ಮಗ ರಾಜಗೋಪಾಲನ್ನ ಹಾಸನದಲ್ಲಿ ಬಿಟ್ಟಿರ್ಲಿಲ್ವೇನೆ? ಈಗ ನೋಡು, ಫುಟ್ಟಿ ಫುಟ್ಟಿ ಅಂತ ಇಲ್ಲಿಯ ಫುಟ್‌ಬಾಲಿಗೇ ಸಾಯ್ತಾನೆ. ಮಕ್ಕಳಿಗೆ ಏನೂ ನೆನಪಿರಲ್ಲ ಕಣೆ.”

“ನನಗೆ ಅದೇ ಭಯ ಆಂಟಿ, ನೆನಪಿರಲ್ಲ ಅನ್ನೋದೇ.”

“ಥೂ, ಎಲ್ಲದಕ್ಕೂ ಒಂದು ಕೊಕ್ಕೆ ತೆಗೀತೀಯ. ಏ, ನಮ್ಮ ಜೋಳಾನ ಆ ಮಾಂಸದ ಸಾಸೇಜ್ ಪಕ್ಕ ಇಟ್ಬಿಟ್ರು ನೋಡು! ತೆಗಿ, ತೆಗಿ!”

ಅಹಲ್ಯಾ ಜೋಳ ತೆಗೆದಳು. ಮಾತು ಅಲ್ಲಿಗೇ ಮುಗಿಯಿತು.

ಬೆಂಟ್ಲಿ ಬಡಾವಣೆಯ ಅವರ ಬಾಡಿಗೆ ಮನೆಯ ಪಕ್ಕದಲ್ಲಿ ಹೆರ್ಮಿನೆ ಇದ್ದಳು. ಆಸ್ಟ್ರಿಯಾದವಳು, ಗಂಡನನ್ನು ಕಳೆದುಕೊಂಡವಳು, ಮನೆಯಲ್ಲೇ ಕರ್ಟನ್ ಹೊಲಿದು ಬದುಕುತ್ತಿದ್ದಳು. ಶನಿವಾರ ಅಹಲ್ಯಾ ಹೋಗಿ ಬಟ್ಟೆಯ ಇನ್ನೊಂದು ತುದಿ ಹಿಡಿದು ಕೂರುತ್ತಿದ್ದಳು. ಸುಮ್ಮನೆ ಮನೆಯಲ್ಲಿದ್ದರೆ ಕೈ ಮತ್ತೆ ಟೇಪ್ ರೆಕಾರ್ಡರಿಗೆ ಹೋಗುತ್ತಿತ್ತು. ಹೊಲಿಯುತ್ತ ಹೆರ್ಮಿನೆ ಊರಿನ ಕಥೆ ಹೇಳುತ್ತಿದ್ದಳು. ಒರಟು ಇಂಗ್ಲಿಷು, ಆದರೆ ಕೇಳಿದರೆ ಕಣ್ಣಿಗೆ ಕಟ್ಟುತ್ತಿತ್ತು.

“ನಮ್ಮೂರು ಲಿಂಟ್ಸ್ ಅಂದ್ರೆ ನಮ್ಮಜ್ಜಿಗೆ ಸಿಟ್ಟು ಬರ್ತಿತ್ತು. ಲಿಂಟ್ಸ್ ಡ್ಯಾನ್ಯೂಬ್ ಹೊಳೆಯ ಆ ಕಡೆ. ನಾವು ಈ ಕಡೆ, ಉರ್‌ಫಾರ್. ಮೊದಲು ಅದೇ ಒಂದು ಬೇರೆ ಊರು, ಆಮೇಲೆ ಲಿಂಟ್ಸಿಗೆ ಸೇರಿಸಿಬಿಟ್ರು. ಸೇತುವೆ ಇಲ್ಲದ ಕಾಲದಲ್ಲಿ ಅವರನ್ನೆಲ್ಲ ದೋಣೀಲಿ ದಾಟಿಸ್ತಿದ್ದದ್ದು ನಾವು ಅಂತ ಅಜ್ಜಿಗೆ ಜಂಬ.”

ಊರ ಹಿಂದೆ ಪೋಸ್ಟ್‌ಲಿಂಗ್‌ಬೆರ್ಗ್ ಗುಡ್ಡ, ತುದಿಯಲ್ಲಿ ಎರಡು ಗೋಪುರದ ಚರ್ಚು. ಕಡಿದಾದ ಏರಿನಲ್ಲಿ ಟ್ರಾಮು ಹತ್ತಿಕೊಂಡು ಹೋಗುತ್ತದಂತೆ. ಮೇಲೆ ಹಳೆಯ ಕೋಟೆಯ ಗೋಪುರದೊಳಗೆ ಮಕ್ಕಳ ಪುಟ್ಟ ರೈಲು, ಅದರ ಮೂತಿಗೆ ಡ್ರ್ಯಾಗನ್ ತಲೆ. ಚಾಮುಂಡಿ ಬೆಟ್ಟ ನೋಡುತ್ತ ಬೆಳೆದ ಅಹಲ್ಯಾಗೆ ಊರ ನೆತ್ತಿಯ ಮೇಲೆ ದೇವರು ಕೂತಿರುವುದು ಹೊಸದೇನಲ್ಲ.

ಆ ಶನಿವಾರ ಕಥೆ ಗುಡ್ಡದಿಂದ ಕೆಳಗಿಳಿದು ಸೇತುವೆಗೆ ಬಂತು. ಯುದ್ಧ ಮುಗಿದಾಗ ಉರ್‌ಫಾರ್ ರಷ್ಯನ್ನರ ಪಾಲಾಯಿತು, ಹೊಳೆಯಾಚೆಯ ಲಿಂಟ್ಸ್ ಅಮೆರಿಕನ್ನರ ಪಾಲು. ಸೇತುವೆಯ ಮೇಲೆ ಸೈನಿಕರು. ದಾಟಬೇಕೆಂದರೆ ಗುರುತಿನ ಚೀಟಿ ತೋರಿಸಬೇಕು, ಮೈಮೇಲೆ ಡಿಡಿಟಿ ಪುಡಿ ಎರಚಿಸಿಕೊಳ್ಳಬೇಕು. ಹೆರ್ಮಿನೆಗೆ ಆಗ ಏಳು ವರ್ಷ. ಅಪ್ಪ ಯುದ್ಧದಿಂದ ಬರಲಿಲ್ಲ. ಆಚೆ ದಡದಲ್ಲಿ ಹಾಲು ಸಿಗುತ್ತದೆಂದು ಅಮ್ಮ ಅವಳನ್ನು ಸೋದರತ್ತೆಯ ಮನೆಗೆ ಕಳಿಸಿದಳು.

“ಚಳಿಗಾಲ ಕಳೀಲಿ, ಅಷ್ಟೇ ಅಂತ,” ಎಂದಳು ಹೆರ್ಮಿನೆ. “ಭಾನುವಾರ ಅಮ್ಮ ಬರೋರು, ತಲೆಕೂದಲೆಲ್ಲ ಬಿಳೀ ಪುಡಿ. ಮೊದಮೊದಲು ಓಡಿಹೋಗಿ ತಬ್ಬಿಕೊಳ್ತಿದ್ದೆ. ಆಮೇಲಾಮೇಲೆ... ಅಮ್ಮ ಬಂದಾಗ ಅತ್ತೆ ಒಳ್ಳೆ ಕಪ್ಪು-ಸಾಸರು ತೆಗೀತಿದ್ರು. ನಾನೂ ಅದರಲ್ಲೇ ಕಾಫಿ ಕೊಡ್ತಿದ್ದೆ.”

ಅಹಲ್ಯಾಳ ಕೈಯಲ್ಲಿದ್ದ ಬಟ್ಟೆ ಸಡಿಲವಾಯಿತು. “ಬಿಗಿಯಾಗಿ ಹಿಡ್ಕೋ, ಲವ್.”

“ಸೇತುವೆ ಮೇಲಿನ ಕಾವಲು ತೆಗೀಲೇ ಇಲ್ವಾ?”

“ತೆಗೆದ್ರಲ್ಲ, ಐವತ್ತಮೂರರಲ್ಲಿ. ನಂಗಾಗ ಹದಿನೈದು. ಜನ ಸೇತುವೆ ಮೇಲೆ ಕುಣಿದ್ರು. ಅಮ್ಮ ನನ್ನ ಬಟ್ಟೆ ತುಂಬ್ಕೊಂಡು ಹೋಗೋಕೆ ಖಾಲಿ ಚೀಲ ತಂದಿದ್ರು. ಸ್ಕೂಲಲ್ಲಿ ಪರೀಕ್ಷೆ ಇದೆ, ಬರಲ್ಲ ಅಂದೆ. ಕಾಫಿ ಕುಡಿದು, ಚೀಲ ಮಡಚ್ಕೊಂಡು ಹೋದ್ರು.”

“ಬೈಲಿಲ್ವಾ ಅವರು?”

“ನೆಂಟರು ಬೈತಾರಾ?” ಹೆರ್ಮಿನೆ ಹಲ್ಲಿನಿಂದ ದಾರ ಕಡಿದಳು. “ಮೇಲೆತ್ತು, ಉದ್ದ ಸರಿ ಇದೆಯಾ ನೋಡೋಣ.”

ಅಹಲ್ಯಾ ಮನೆಗೆ ಬಂದಾಗ ನೈಟ್ ಡ್ಯೂಟಿ ಮುಗಿಸಿ ಮಲಗಿದ್ದ ವೇಣುಗೋಪಾಲ ಎದ್ದು ಪುಸ್ತಕ ಹರಡಿಕೊಂಡಿದ್ದ.

“ಮಗೂನ ಕರ್ಕೊಂಡು ಬರ್ತೀನಿ.”

“ಇದೇನು ಇದ್ದಕ್ಕಿದ್ದಂತೆ? ಪರೀಕ್ಷೆ ಮುಗೀಲಿ ಅಹಲ್ಯಾ.”

“ಹೋದ ಸಲಾನೂ ಇದನ್ನೇ ಅಂದ್ರಿ.”

“ಅವಳಿದ್ರೆ ನಾನು ಓದೋದು ಹೇಗೆ? ನೀನು ಕೆಲಸಕ್ಕೆ ಹೋದಾಗ ನೋಡ್ಕೊಳ್ಳೋರು ಯಾರು?”

“ಕೆಲಸ ಬಿಡ್ತೀನಿ. ನೀವು ಲೈಬ್ರರೀಲಿ ಓದ್ಕೊಳ್ಳಿ.”

“ಮತ್ತೆ ಫೇಲಾದ್ರೆ?”

“ಫೇಲಾದ್ರೆ ಮೂರೂ ಜನ ಸೇರಿ ಫೇಲಾಗೋಣ ಬಿಡಿ.”

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಅದು ಒಪ್ಪಿಗೆಯೋ ಅಲ್ಲವೋ ಎಂದು ಕಾಯುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಫೋನೆತ್ತಿ ಆಪರೇಟರಿಗೆ ಮೈಸೂರಿನ ನಂಬರು ಕೊಟ್ಟಳು. ಅಮ್ಮನ ಮನೆಯಲ್ಲಿ ಫೋನಿಲ್ಲ, ಕೆಳಗಿನ ಮನೆಯ ವಕೀಲರಲ್ಲಿತ್ತು. ಲೈನು ಸಿಗುವವರೆಗೆ ಎದ್ದಳು, ಕೂತಳು, ಒಲೆ ಆರಿಸಿದೆನೋ ಇಲ್ಲವೋ ಎಂದು ನೋಡಿಬಂದಳು.

“ಯಾರು? ಆಸ್ಟ್ರೇಲಿಯಾನಾ? ಇರಮ್ಮಾ, ಕೂಗ್ತೀನಿ,” ಎಂದರು ವಕೀಲ ಚಂದ್ರಮೌಳಿ.

ಅಮ್ಮ ಏದುಸಿರು ಬಿಡುತ್ತ ಬಂದಳು. “ಏನಾಯ್ತೇ? ಅಳಿಯಂದ್ರು ಹುಷಾರಾಗಿದಾರಾ?”

“ಹುಷಾರು. ಅಮ್ಮಾ, ವಿಶಾಲೂ ಬಟ್ಟೆ ಜೋಡಿಸಿಡು. ಟಿಕೆಟ್ ಸಿಕ್ಕ ತಕ್ಷಣ ಬರ್ತೀನಿ.”

“ಪಾಸಾದ್ರಾ?”

“ಇಲ್ಲ.”

“ಮತ್ತೆ?”

“ನನಗೆ ಮಗು ಬೇಕು ಅಷ್ಟೇ ಅಮ್ಮ.”

ಲೈನು ಗರಗರ ಎಂದಿತು. ಕಡಿದೇ ಹೋಯಿತೇನೋ ಎಂದು ಅಹಲ್ಯಾ ಹಲೋ ಹಲೋ ಎನ್ನುವಷ್ಟರಲ್ಲಿ ಅಮ್ಮನ ದನಿ ತಗ್ಗಿ ಬಂತು. “ಅಲ್ವೇ, ನಾಗವೇಣಿ ಅವಳನ್ನ ಪಕ್ಕದಲ್ಲೇ ಮಲಗಿಸ್ಕೊಳ್ತಾಳೆ. ಅವಳಿಗೆ ಹೇಗೆ ಹೇಳಲಿ?”

ಇಷ್ಟು ದಿನದ ಚಿಂತೆಯಲ್ಲಿ ಇದೊಂದು ಅಹಲ್ಯಾಗೆ ಹೊಳೆದೇ ಇರಲಿಲ್ಲ. ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

“ನೀನು ಹೇಳಬೇಡ. ಅವಳನ್ನ ಕರಿ. ನಾನೇ ಹೇಳ್ತೀನಿ.”