ಅಮಾವಾಸ್ಯೆಗೆ ಮುಟ್ಟದ ಕರಣಿ

ನಮ್ಮ ಕಡೆಯ ಗೌಂಡಿಗಳು ಅಮಾವಾಸ್ಯೆ ದಿನ ಕರಣಿ ಮುಟ್ಟುವುದಿಲ್ಲ. ಕೂಡ್ಲಿಗಿಯಲ್ಲಿ ಕೇಳಿ, ಕೊಟ್ಟೂರಿನಲ್ಲಿ ಕೇಳಿ, ಇದೇ ಮಾತು ಬರುತ್ತದೆ. ಗೋಡೆ ಕಟ್ಟುವವನು ಯಾವ ಮನೆತನದವನೇ ಇರಲಿ, ಅವತ್ತು ಕರಣಿ, ತೂಕದ ಗುಂಡು, ರಸಮಟ್ಟ ಎಲ್ಲವನ್ನೂ ತೊಳೆದು, ಕುಂಕುಮ ಹಚ್ಚಿ, ದೇವರ ಜಗಲಿಯ ಮುಂದಿಟ್ಟು ಕಾಯಿ ಒಡೆಯುತ್ತಾನೆ. ಮರುದಿನ ಪಾಡ್ಯ. ಪಾಡ್ಯಕ್ಕೂ ಕೆಲಸಕ್ಕೆ ಕೈ ಹಾಕುವಂತಿಲ್ಲ.

ನನಗೆ ಕರಣಿ ಹಿಡಿಯಲು ಕಲಿಸಿದವನು ನನ್ನ ಸೋದರಮಾವ. ಐದನೆಯ ಇಯತ್ತೆಗೆ ಶಾಲೆ ಬಿಟ್ಟು ಅವನ ಹಿಂದೆ ಗಾರೆಯ ಪುಟ್ಟಿ ಹೊರಲು ಹೋದಾಗ ಅವನು ಮೊದಲು ಹೇಳಿದ್ದು ಕೆಲಸದ ಮಾತಲ್ಲ.

"ಕರಣಿ ಅಂದ್ರ ದುಡಿಯೋ ಎತ್ತು ಇದ್ದಂಗಲೇ. ಎತ್ತಿಗೆ ಸೋಮವಾರ, ಇದಕ್ಕ ಅಮಾಸಿ. ಅವತ್ತು ಹೂಡಿದಿ ಅಂದ್ರ ಅದು ನಿನಗ ಅನ್ನ ಹಾಕಂಗಿಲ್ಲ."

ಮದುವೆಗೆ ಮುಂಚೆ ಕೆಲವು ವರ್ಷ ಮಂಗಳೂರಿನಲ್ಲಿ ದುಡಿದೆ. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಮಂದಿ ಆಗ ಗುಂಪು ಗುಂಪಾಗಿ ಆ ಕಡೆಯ ಬಸ್ಸು ಹತ್ತುತ್ತಿದ್ದರು, ಈಗಲೂ ಹತ್ತುತ್ತಾರೆ. ಅಲ್ಲಿಯವರ ಬಾಯಲ್ಲಿ ನಾವು ಘಟ್ಟದವರು. ಘಟ್ಟದವರು ಬಂದು ಕೂಲಿ ಇಳಿಸಿದರು ಎಂದು ಅಲ್ಲಿಯ ಮೇಸ್ತ್ರಿಗಳು ನಮ್ಮ ಕಿವಿಗೆ ಬೀಳುವಂತೆಯೇ ಆಡಿಕೊಳ್ಳುತ್ತಿದ್ದರು. ತಗಡಿನ ಶೆಡ್ಡಿನಲ್ಲಿ ಮಲಗಿ ನಾನೊಂದು ತೀರ್ಮಾನ ಮಾಡಿದ್ದೆ. ಕೆಲಸ ಪೂರ್ತಿ ಕೈಗೆ ಬಂದ ಮೇಲೆ ಊರಿಗೆ ಹೋಗುವುದು, ನನ್ನದೇ ಗುಂಪು ಕಟ್ಟುವುದು. ಆಮೇಲೆ ಸಾಯುವತನಕ ಹೊಟ್ಟೆಪಾಡಿಗೆಂದು ಇನ್ನೊಬ್ಬರ ಊರಿಗೆ ಹೋಗುವುದಿಲ್ಲ, ಇನ್ನೊಬ್ಬ ಮೇಸ್ತ್ರಿಯ ಕೈಕೆಳಗೆ ನಿಲ್ಲುವುದಿಲ್ಲ.

ಹಾಗೆಯೇ ಬದುಕಿದೆ. ಕೂಡ್ಲಿಗಿಯಲ್ಲಿ ನಾನು ಗಿಲಾವು ಮಾಡಿದ ಗೋಡೆಯ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಎಲ್ಲಿಯೂ ತಡೆಯುವುದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೇ ಎಂದುಕೊಂಡರೂ ಚಿಂತೆಯಿಲ್ಲ, ಆ ಗೋಡೆಗಳು ಇನ್ನೂ ನಿಂತಿವೆ.

ಕಿರಾಣಿ ಅಂಗಡಿಯ ಸಾಹುಕಾರರೊಬ್ಬರ ಮನೆ ಕಟ್ಟುತ್ತಿದ್ದೆವು. ಗೋಡೆ ಎದ್ದು ಸ್ಲ್ಯಾಬು ಬಿದ್ದು ಒಳಗಿನ ಗಿಲಾವು ನಡೆದಿತ್ತು. ಅಷ್ಟರಲ್ಲಿ ಅಮಾವಾಸ್ಯೆ ಬಂತು. ಹಿಂದಿನ ಸಂಜೆ ಸಾಹುಕಾರರು ನಾವು ಕೈಕಾಲು ತೊಳೆಯುತ್ತಿದ್ದಲ್ಲಿಗೇ ಬಂದರು.

"ಮೇಸ್ತ್ರಿ, ಗೃಹಪ್ರವೇಶಕ್ಕ ಮುಹೂರ್ತ ಇಟ್ಟಾತು, ಕಾರ್ಡು ಹಂಚಾಕತ್ತೀವಿ. ಈ ಅಮಾಸಿ ಒಂದು ಬಿಡ್ರಪಾ."

"ಸಾಹುಕಾರ್ರ, ಉಳಿದ ದಿನ ಬೇಕಾದ್ರ ಲೈಟ್ ಹಾಕ್ಕೊಂಡು ದುಡಿತೀವಿ. ಅಮಾಸಿ ಮಾತ್ರ ಕೇಳಬ್ಯಾಡ್ರಿ."

"ಹಂಗಾರ ಈಗ ಊರಿಗೆ ಬಂದಾರಲ್ಲ ಆ ಬಿಹಾರದ ಗೌಂಡಿಗಳು, ಅವತ್ತಿನ ಮಟ್ಟಿಗೆ ಅವರನ್ನ ಕರಸ್ತೀನಿ. ಮನಸಿಗೆ ಹಚ್ಚಿಕೋಬ್ಯಾಡ್ರಿ ಮತ್ತ."

ನನ್ನ ಗುಂಪಿನಲ್ಲಿ ಮಂಗಳೂರಿನ ಕಾಲದಿಂದಲೂ ಜೊತೆಗಿದ್ದ ಗೆಳೆಯನೊಬ್ಬ ಇದ್ದ. ಅವನು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ, "ಕರಸ್ರಿ ಕರಸ್ರಿ. ಅವರು ಬಡಿದಿದ್ದನ್ನ ಕಿತ್ತು ಮತ್ತ ಬಡಿಯಾಕ ನಾವು ಬರ್ತೀವಲ್ಲ," ಎಂದ. ನಾವೆಲ್ಲ ನಕ್ಕೆವು. ಸಾಹುಕಾರರೂ ನಕ್ಕರು.

ಅಮಾವಾಸ್ಯೆ, ಪಾಡ್ಯ ಎರಡೂ ಕಳೆದು ಬೆಳಿಗ್ಗೆ ಹೋದಾಗ ನಾವು ಕಟ್ಟಿದ ಸಾರುವೆಯ ಮೇಲೆ ಬಿಹಾರದವರು ನಿಂತಿದ್ದರು. ನಾವು ಇನ್ನೂ ಹೆಗಲಿನ ಚೀಲ ಇಳಿಸಿರಲಿಲ್ಲ, ಅವರ ಅಂಗಿಗಳು ಆಗಲೇ ಬೆವರಿಗೆ ಒದ್ದೆಯಾಗಿದ್ದವು. ಎರಡು ಕೋಣೆಗಳ ಸೂರಿನ ಗಿಲಾವು ಮುಗಿದಿತ್ತು. ನಾನು ರಸಮಟ್ಟ ತೆಗೆದು ಮೂಲೆ ಮೂಲೆಗೂ ಹಿಡಿದು ನೋಡಿದೆ. ಒಂದು ತಪ್ಪಾದರೂ ಸಿಗಲಿ ಎಂದು ಮನಸ್ಸಿನಲ್ಲೇ ದೇವರಿಗೆ ಹರಕೆ ಹೊತ್ತೆ. ಸಿಗಲಿಲ್ಲ.

"ಹೆಂಗೂ ಹತ್ತ್ಯಾರ, ಇದೊಂದು ಮುಗಿಸೇ ಇಳೀಲಿ ಬಿಡ್ರಿ," ಎಂದರು ಸಾಹುಕಾರರು, ನನ್ನ ಮುಖ ನೋಡದೆ. "ಮುಂದಿನ ಕೆಲಸಕ್ಕ ನೀವ."

ಮುಂದಿನ ಕೆಲಸ ಬರಲೇ ಇಲ್ಲ. ನಾವು ದಿನಗೂಲಿಯವರು, ಅವರು ಚದರಡಿಯ ಲೆಕ್ಕದ ಗುತ್ತಿಗೆಯವರು. ಕಟ್ಟುತ್ತಿರುವ ಮನೆಯಲ್ಲೇ ಅಡುಗೆ ಮಾಡಿ ಉಂಡು ಅಲ್ಲೇ ಮಲಗುತ್ತಾರೆ. ಅವರಿಗೆ ಇಲ್ಲಿ ಬೀಗರಿಲ್ಲ, ಮಣ್ಣಿಗೆ ಹೋಗಬೇಕಾದ ಸಾವಿಲ್ಲ, ಹೊಲದಲ್ಲಿ ಕಳೆ ಇಲ್ಲ. ಹಾಗಿರುವಾಗ ದಿನದಲ್ಲಿ ದುಡಿಮೆಯಲ್ಲದೆ ಇನ್ನೇನು ಉಳಿಯುತ್ತದೆ?

ಬಸ್‌ ನಿಲ್ದಾಣದ ಹತ್ತಿರದ ಚಹಾದ ಅಂಗಡಿಯಲ್ಲಿ ಈ ಮಾತಲ್ಲದೆ ಬೇರೆ ಮಾತಿರಲಿಲ್ಲ. ಗೌಂಡಿಗಳು, ಬಡಗಿಗಳು, ಬಣ್ಣದವರು, ಕೆಲಸವಿಲ್ಲದವರೆಲ್ಲ ಅಲ್ಲಿಯೇ ಸೇರುತ್ತಿದ್ದೆವು. ಹೊರಗಿನವರಿಗೆ ಕೆಲಸ ಕೊಡಬಾರದೆಂದು ತಹಸೀಲ್ದಾರರಿಗೆ ಮನವಿ ಕೊಡಬೇಕೆಂದು ಬಡಗಿಯೊಬ್ಬ ಮೇಜು ಗುದ್ದಿ ಹೇಳಿದ. ಅಂಗಡಿಯ ಮಾಲೀಕ ಗಲ್ಲೆಯಿಂದಲೇ ಬಾಯಿ ಹಾಕಿದ.

"ಕೊಡ್ರಿ, ಬ್ಯಾಡ ಅಂದೋರು ಯಾರು. ಆದ್ರ ಚಾ ಸೋಸಾವ ಒರಿಸ್ಸಾದಾವ. ಅವನು ಹೋದ ದಿನ ಗ್ಲಾಸ್ ತೊಳಿಯಾಕ ನಿಮ್ಮಾಗ ಯಾರು ಬರ್ತೀರಿ ಅಂಬೋದನ್ನೂ ಅದರಾಗ ಬರೀರಿ."

"ಮನವಿ ಕೊಡಾಕ ಹೋಗೋಮುಂದ ಕಟಿಂಗ್ ಮಾಡಿಸ್ಕೊಂಡು ಬರ್ತೀನಿ ತಡೀರಿ," ಎಂದ ಬಣ್ಣದವನು. "ನನಗ ಕಟಿಂಗ್ ಮಾಡಾವ ಉತ್ತರಪ್ರದೇಶದಾವ. ಆಮ್ಯಾಲ ಅವನು ಸಿಗ್ತಾನೋ ಇಲ್ಲೋ."

ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಚಹಾದ ಲೆಕ್ಕ ಕೊಟ್ಟು ಎದ್ದೆವು. ಮನವಿಯನ್ನು ಯಾರೂ ಬರೆಯಲಿಲ್ಲ. ಮನೆಗೆ ನಡೆಯುತ್ತ ನನಗೆ ಒಂದು ಮಾತು ಹೊಳೆಯಿತು. ಅಲ್ಲಿ ಕೂತು ನಾನು ಆಡಿದ ಮಾತುಗಳೆಲ್ಲ ಮಂಗಳೂರಿನ ಆ ಮೇಸ್ತ್ರಿಗಳು ನನ್ನ ಬಗ್ಗೆ ಆಡಿದವೇ. ಅವರು ಸುಳ್ಳು ಹೇಳಿರಲಿಲ್ಲ, ನಾವು ಕೂಲಿ ಇಳಿಸಿದ್ದು ನಿಜ. ನಮಗೂ ಹಸಿವಿದ್ದದ್ದು ನಿಜ. ಎರಡೂ ನಿಜವಾದ ಮೇಲೆ ಮನವಿಯಲ್ಲಿ ಏನಂತ ಬರೆಯುವುದು?

ಗುಂಪಿನವರು ಒಬ್ಬೊಬ್ಬರಾಗಿ ಹೋದರು. ಕೊನೆಗೆ ಗೆಳೆಯನೂ ಮಂಗಳೂರಿನ ಬಸ್ಸಿಗೆ ನಿಂತ. ಅವನ ಚೀಲದಿಂದ ಕರಣಿಯ ಹಿಡಿ ಹೊರಗೆ ಇಣುಕುತ್ತಿತ್ತು.

"ಲೇ, ನೀನೂ ಬಾರಲೇ. ಅಲ್ಲಿ ನಾವ ಬಿಹಾರಿಗಳು."

"ಅಲ್ಲಿ ಅಮಾಸಿಗೆ ಏನು ಮಾಡ್ತಿ?"

"ಅಲ್ಲಿ ಅಮಾಸಿಗೆ ಸಮುದ್ರ ಉಬ್ಬತೈತಂತ. ಅದನ್ನ ನೋಡಿಕೋಂತ ಗಿಲಾವು ಮಾಡೋದು."

ಬಸ್ಸು ಹೋಯಿತು. ನಾನು ಊರಿನಲ್ಲೇ ಉಳಿದೆ. ಆಗಲೇ ಹೆಂಡತಿ ಇನ್ನೊಬ್ಬರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು. ನಮ್ಮ ಮದುವೆಯಾದಾಗಿನಿಂದ ಅಲ್ಲಿಯವರೆಗೆ ಅವಳು ಕೂಲಿಗೆ ಹೋದವಳಲ್ಲ. ಸಂಜೆ ಅವಳು ಬಂದು ಬಟ್ಟಲಿಗೆ ರೊಟ್ಟಿ ಹಾಕಿದರೆ ನಾನು ತಲೆ ಎತ್ತದೆ ಉಂಡು ಏಳುತ್ತಿದ್ದೆ.

ಒಂದು ಕೆಲಸ ಮಾತ್ರ ಇನ್ನೂ ನನ್ನದಾಗಿತ್ತು, ತಲೆಬಾಗಿಲು ನಿಲ್ಲಿಸುವುದು. ಮನೆಯನ್ನು ಬಿಹಾರದವರೇ ಕಟ್ಟಲಿ, ತಲೆಬಾಗಿಲಿನ ಚೌಕಟ್ಟು ನಿಲ್ಲಿಸಲು ಹಿರಿಯರು ನನ್ನನ್ನೇ ಕರೆಸುತ್ತಿದ್ದರು. ಹೊಸ್ತಿಲ ಕೆಳಗೆ ಹಾಲು ತುಪ್ಪ ಬಿಡಬೇಕು, ಚೌಕಟ್ಟಿನ ತಲೆಯ ಬಲಗಡೆ ಅರಿಶಿನದ ಬಟ್ಟೆಯಲ್ಲಿ ನವಧಾನ್ಯದ ಗಂಟು ಕಟ್ಟಬೇಕು, ಐದು ಜನ ಮುತ್ತೈದೆಯರು ಪೂಜೆ ಮಾಡಿ ಮುಗಿಸುವಷ್ಟರಲ್ಲಿ ಚೌಕಟ್ಟು ತೂಕದ ಗುಂಡಿಗೆ ಸರಿಯಾಗಿ ನಿಂತಿರಬೇಕು. ಆಮೇಲೆ ಮನೆಯವರು ಗೌಂಡಿಯ ಹೆಗಲಿಗೆ ಹೊಸ ಟವೆಲು ಹೊದಿಸುತ್ತಾರೆ.

ಕಾನಹೊಸಹಳ್ಳಿಯಲ್ಲಿ ಅಂಥ ಒಂದು ಬಾಗಿಲು ನಿಲ್ಲಿಸಲು ಹೋಗಿದ್ದೆ. ಕಟ್ಟುತ್ತಿದ್ದವರು ಸಾಹುಕಾರರ ಮನೆಯಲ್ಲಿ ನಮ್ಮ ಸಾರುವೆಯ ಮೇಲೆ ನಿಂತಿದ್ದವರೇ. ಅವರ ಮೇಸ್ತ್ರಿಗೆ ಮೂವತ್ತು ದಾಟಿರಬಹುದು. ಪಕ್ಕದಲ್ಲಿ ನಿಂತು ಎಲ್ಲವನ್ನೂ ಕಣ್ಣಲ್ಲೇ ನುಂಗುತ್ತಿದ್ದ. ಪೂಜೆ ಮುಗಿದ ಮೇಲೆ ಹತ್ತಿರ ಬಂದ.

"ಕಾಕಾ, ಈ ಗಂಟು ಬಲಗಡೆ ಯಾಕೆ?"

ಕೇಳಿದವನಿಗೆ ಹೇಳುವುದಿಲ್ಲ ಎನ್ನಲು ನನ್ನ ಮಾವ ನನಗೆ ಕಲಿಸಿರಲಿಲ್ಲ. ಎಲ್ಲ ಹೇಳಿದೆ. ಧಾನ್ಯ ಯಾವುದು, ಗಂಟು ಹೇಗೆ, ಹಾಲು ಮೊದಲೋ ತುಪ್ಪ ಮೊದಲೋ. ಅವನು ಚಹಾ ತರಿಸಿದ. ಅವನ ಊರಿನಲ್ಲೂ ಬಾಗಿಲಿಗೆ ಪೂಜೆ ಇದೆಯಂತೆ, ರೀತಿ ಬೇರೆಯಂತೆ. "ಅಲ್ಲಿ ಕೆಲಸ ಐತಿ ಅಂದ್ರೆ ನಾನ್ ಯಾಕೆ ಬರೋದು ಕಾಕಾ," ಎಂದ. ನನ್ನ ಭಾಷೆಯ 'ಐತಿ' ಆಗಲೇ ಅವನ ಬಾಯಿಗೆ ಹೊಂದಿಕೊಂಡಿತ್ತು.

ಮಳೆಗಾಲ ಕಳೆದು ಅದೇ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಾನಹೊಸಹಳ್ಳಿಯ ಆ ಮನೆಯ ಪಕ್ಕದ ನಿವೇಶನದಲ್ಲಿ ಹೊಸ ಚೌಕಟ್ಟು ನಿಂತಿತ್ತು. ಬಲಗಡೆ ಅರಿಶಿನದ ಗಂಟು, ನಾನು ಕಟ್ಟುವ ಹಾಗೆಯೇ. ಆ ಮೇಸ್ತ್ರಿ ಹೆಗಲ ಮೇಲೆ ಹೊಸ ಟವೆಲು ಹಾಕಿಕೊಂಡು ಇಟ್ಟಿಗೆಗೆ ನೀರು ಹೊಡೆಯುತ್ತಿದ್ದ. ಬಸ್ಸು ನಿಲ್ಲದೆ ಮುಂದೆ ಹೋಯಿತು. ಅವನ ಮೇಲೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಸಿಟ್ಟಿಗಾದರೂ ಒಂದು ಕಾವು ಇರುತ್ತದೆ.

ಆ ದೀಪಾವಳಿಗೆ ಮುಂಚೆ ಅವನೇ ನನ್ನ ಮನೆ ಹುಡುಕಿಕೊಂಡು ಬಂದ. ಚಪ್ಪಲಿ ಅಂಗಳದಲ್ಲೇ ಬಿಟ್ಟು ಕಟ್ಟೆಯ ತುದಿಯಲ್ಲಿ ಕೂತ. ದೀಪಾವಳಿಯ ನಂತರ ಅವರ ಕಡೆ ಸೂರ್ಯನಿಗೆ ಪೂಜೆ ಮಾಡುವ ದೊಡ್ಡ ಹಬ್ಬವಂತೆ, ಛಠ್ ಅಂತ. ಅವನ ಹುಡುಗರೆಲ್ಲ ಅದಕ್ಕಾಗಿ ರೈಲು ಹತ್ತಿದ್ದರು.

"ನಿಲ್ರೋ ಅಂದೆ. ನಿಲ್ಲಲಿಲ್ಲ. ಆ ಹಬ್ಬ ಬಿಡೋದಿಲ್ಲ ಅವರು," ಎಂದ. "ಮನೆಯವರದ್ದು ಅರ್ಜೆಂಟ್ ಐತಿ ಕಾಕಾ. ನೀವು ಬರಬೇಕು. ನನ್ನ ಜೊತೆ."

"ಯಾವತ್ತಿಂದ?"

ಅವನು ತಲೆ ತಗ್ಗಿಸಿದ. "ಅಮಾಸಿ ದಿನಾನೇ."

ಒಳಗೆ ಹೆಂಡತಿ ಕುಡುಗೋಲು ಮಸೆಯುತ್ತಿದ್ದಳು, ಮರುದಿನದ ಹೊಲಕ್ಕೆ. ಆ ಸದ್ದು ನಿಂತಿತು. ನನ್ನ ಉತ್ತರಕ್ಕಾಗಿ ಅವಳೂ ಕಾಯುತ್ತಿದ್ದಳು. ನಾನು ಹೂಂ ಅಂದೆ. ಮಸೆಯುವ ಸದ್ದು ಮತ್ತೆ ಶುರುವಾಯಿತು.

ದೀಪಾವಳಿಯ ಅಮಾವಾಸ್ಯೆಯ ಬೆಳಿಗ್ಗೆ ಎಂದಿನಂತೆ ಕರಣಿ ತೊಳೆದೆ, ಕುಂಕುಮ ಹಚ್ಚಿದೆ, ಜಗಲಿಯ ಮುಂದಿಟ್ಟು ಕಾಯಿ ಒಡೆದೆ. ಹೆಂಡತಿ ಆರತಿ ಮುಗಿಸಿ, "ಇದೊಂದು ದಿನ ಹೋಗಬ್ಯಾಡ್ರಿ. ನಾ ದುಡಿಯಾಕ ಅದೀನಲ್ಲ," ಎಂದಳು. ಆ ಕೊನೆಯ ಮಾತಿಗೇ ನಾನು ಎದ್ದೆ. ಜಗಲಿಯ ಮುಂದಿಂದ ಕರಣಿ ತೆಗೆದು ಚೀಲಕ್ಕೆ ಹಾಕಿಕೊಂಡೆ.

ಓಣಿಯಲ್ಲಿ ಮಂದಿ ಗಾಡಿ ತೊಳೆಯುತ್ತಿದ್ದರು, ಅಂಗಡಿಗಳ ಮುಂದೆ ಬಾಳೆಕಂಬ ಕಟ್ಟುತ್ತಿದ್ದರು. ಯಾರೋ ಒಬ್ಬರು, "ಏನು ಮೇಸ್ತ್ರಿ, ಅಮಾಸಿ ದಿನ ಚೀಲ ಹಿಡಕೊಂಡು ಎತ್ತಾಗ?" ಎಂದರು. ಕೇಳಿಸದವನಂತೆ ನಡೆದೆ.

ಮೇಸ್ತ್ರಿ ಗಾರೆ ಕಲಸಿಟ್ಟು ಕಾಯುತ್ತಿದ್ದ. ಯಾವ ಗೋಡೆ ಎಂದು ನಾನೇ ಕೇಳಬೇಕಾಯಿತು. ಅವನು ತೋರಿಸಿದ. ಅವನ ಹುಡುಗರು ತಮ್ಮ ಹಬ್ಬಕ್ಕೆಂದು ಬಿಟ್ಟುಹೋದ ಗೋಡೆ, ಸೊಂಟದ ಮಟ್ಟಕ್ಕೆ ಗಿಲಾವು ಬಂದು ನಿಂತಿತ್ತು. ನಾನು ಅದೇ ಗೆರೆಯಿಂದ ಹಿಡಿದೆ. ಮೊದಲ ಗಾರೆ ಎತ್ತಿ ಗೋಡೆಗೆ ಹೊಡೆದು ಎಳೆದಾಗ ಕರಣಿಯ ಮೇಲಿನ ಕುಂಕುಮ ಒಂದು ಮೊಳದಷ್ಟು ಉದ್ದಕ್ಕೆ ಕೆಂಪಗೆ ಹತ್ತಿಕೊಂಡಿತು. ಮೇಸ್ತ್ರಿ ಅದನ್ನು ನೋಡಿ ಪುಟ್ಟಿಗೆ ಗಾರೆ ತುಂಬತೊಡಗಿದ. ನಾನು ಅದರ ಮೇಲೆ ಇನ್ನೊಂದು ಪದರು ಎಳೆದೆ.